60ನೇ ಪುಟದಲ್ಲಿ ನಿಂತವರಿಗೆ

ಅಕ್ಕಾ, ನಮ್ಮ ಓದುಗರ ಗುಂಪಿನಲ್ಲಿ ನಿಮ್ಮ ಪ್ರಶ್ನೆ ನೋಡಿ ಸುಮ್ನಿರಲು ಆಗಲಿಲ್ಲ. ಹತ್ತು ವರ್ಷ ಓದು ಬಿಟ್ಟಿದ್ದಿರಿ. ಮಗ ಕಾಲೇಜಿಗೆ ಹೋದ ಮೇಲೆ ಹಾಸನದ ಮನೆಯಲ್ಲಿ ಬಿಡುವಾಯಿತು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಹಿಡಿದಿರಿ, 60ನೇ ಪುಟಕ್ಕೆ ನಿಂತಿತು. ‘ನನ್ನಿಂದ ಇನ್ನು ಓದೋಕೆ ಆಗಲ್ಲವೇನೋ, ನೀವೆಲ್ಲ ಈಚೆಗೆ ಏನು ಓದಿದಿರಿ, ಯಾವುದರಿಂದ ಶುರು ಮಾಡಲಿ’ ಅಂತ ಕೇಳಿದ್ದೀರಿ. ನಾನೂ ಅದೇ ಪುಸ್ತಕವನ್ನು ಎರಡು ಸಲ ಬಿಟ್ಟವಳು. ಮೂರನೇ ಸಲ, ಈ ಮಳೆಗಾಲದಲ್ಲಿ ಮುಗಿಸಿದೆ. ಹಾಗಾಗಿ ಮೊದಲು ಅದರ ವಿಷಯವನ್ನೇ ಹೇಳುತ್ತೇನೆ.

ಅಲ್ಲಿ ನಾವು ಸೋಲುವುದು ಹೆಸರುಗಳಿಗೆ. ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಹೊರಡುವವರೆಗೆ ಎಲ್ಲ ಸಲೀಸು. ಆಮೇಲೆ ಒಂದರ ಹಿಂದೆ ಒಂದು ಮನೆ, ಒಂದೊಂದು ಮನೆಯಲ್ಲೂ ಹತ್ತು ಜನ. ಯಾರು ಯಾರ ಕಡೆಯವರು ಅಂತ ತಲೆಗೆ ಹತ್ತುವ ಮೊದಲೇ ಸುಸ್ತಾಗುತ್ತದೆ. ನಾನು ಈ ಸಲ ಹಳೇ ಕ್ಯಾಲೆಂಡರಿನ ಹಿಂದೆ ಮನೆಗಳ ಹೆಸರು ಬರೆದೆ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಹೊಸಬರು ಬಂದಾಗಲೆಲ್ಲ ಅವರ ಮನೆಯ ಕೆಳಗೆ ಹೆಸರು ಸೇರಿಸಿದೆ. ಸಿಂಬಾವಿ ಭರಮೈಹೆಗ್ಗಡೆ, ಕೋಣೂರು ಮುಕುಂದಯ್ಯ, ಹೂವಳ್ಳಿ ಚಿನ್ನಮ್ಮ, ಹೀಗೆ. ಒಂದು ವಾರದ ಮೇಲೆ ಆ ಚೀಟಿ ನೋಡುವುದೇ ಬೇಡವಾಯಿತು. ನಮ್ಮ ಊರಿನ ನೆಂಟರಿಷ್ಟರ ಸಂಬಂಧ ನಮಗೆ ಗೊತ್ತಿರುತ್ತದಲ್ಲ, ಹಾಗೆ ಗೊತ್ತಾಗಿಬಿಟ್ಟಿತ್ತು. ಹುಲಿಯನಿಗೆ ಕೊನೆಗೆ ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ನೀವು ಈಗಲೇ ಅದಕ್ಕೆ ವಾಪಸ್ ಹೋಗಬೇಡಿ. ಏಳುನೂರು ಪುಟ ದಾಟುವ ಪುಸ್ತಕಕ್ಕೆ ಓದಿನ ರೂಢಿ ಇರಬೇಕು. ಮೊದಲು ಆ ರೂಢಿ ಬರಲಿ.

ಶುರುವಿಗೆ ತೇಜಸ್ವಿಯವರ ‘ಕರ್ವಾಲೊ’. ಸಣ್ಣ ಕಾದಂಬರಿ, ಮೂರ್ನಾಲ್ಕು ಸಂಜೆಗೆ ಮುಗಿಯುತ್ತದೆ. ಜೇನು, ಗದ್ದೆ, ಮಂದಣ್ಣ, ಕೊನೆಗೆ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುವುದು. ನಾನು ಮೂಡಿಗೆರೆ ಕಡೆಯವಳಾದ್ದರಿಂದ ಪಕ್ಷಪಾತ ಅನ್ನಬಹುದು, ಆದರೆ ಓದು ಬಿಟ್ಟವರಿಗೆ ನಾನು ಕೊಟ್ಟ ಪುಸ್ತಕಗಳಲ್ಲಿ ಅರ್ಧಕ್ಕೆ ವಾಪಸ್ ಬರದಿದ್ದದ್ದು ಇದೊಂದೇ. ಕಾದಂಬರಿ ಬೇಡ ಅನಿಸಿದರೆ ಅವರದೇ ‘ಪರಿಸರದ ಕತೆ’ ತೆಗೆದುಕೊಳ್ಳಿ. ಎಲ್ಲಿಂದ ಬೇಕಾದರೂ ಓದಬಹುದು. ಕುಕ್ಕರ್ ಇಟ್ಟು ಕೂತರೂ ಒಂದು ಅಧ್ಯಾಯ ಆಗುತ್ತದೆ.

ಅದಾದ ಮೇಲೆ ನಿಮ್ಮ ಊರಿನವರೇ ಆದ ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಈ ಗುಂಪಿನಲ್ಲಿ ಸಂಭ್ರಮ ಪಟ್ಟೆವು, ಫೋಟೊ ಹಂಚಿಕೊಂಡೆವು. ಪುಸ್ತಕ ಓದಿದವರು ಎಷ್ಟು ಜನ? ನಾನೂ ಆಗ ಓದಿರಲಿಲ್ಲ, ಆಮೇಲೆ ಹುಡುಕಿ ಓದಿದೆ. ಪ್ರಶಸ್ತಿ ಬಂದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳಿಗೆ. ನಮಗೆ ಮೂಲವೇ ಇರುವಾಗ ಕನ್ನಡದಲ್ಲೇ ಓದೋಣ. ಒಂದು ಮಾತು ಮಾತ್ರ ನೆನಪಿಡಿ. ದಿನಕ್ಕೆ ಒಂದೇ ಕತೆ. ‘ಕರಿ ನಾಗರಗಳು’ ಓದಿದ ದಿನ ನನಗೆ ಇನ್ನೊಂದು ಪುಟ ತಿರುಗಿಸಲು ಮನಸ್ಸಾಗಲಿಲ್ಲ. ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ಬಂದದ್ದು ಇದೇ ಕತೆಯಿಂದ. ಗಂಡ ಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಹೋಗಿ ಕೂರುತ್ತಾಳೆ. ಅಂಥವರನ್ನು ನಾವು ನಮ್ಮ ಬೀದಿಯಲ್ಲೇ ನೋಡಿದ್ದೇವೆ, ಅಲ್ವಾ?

ಭೈರಪ್ಪನವರ ‘ಗೃಹಭಂಗ’ದ ಬಗ್ಗೆಯೂ ಕೇಳಿದ್ದಿರಿ. ತುಂಬಾ ಒಳ್ಳೆಯ ಪುಸ್ತಕ, ಬಿಡಬೇಡಿ. ಆದರೆ ನಂಜಮ್ಮನ ಪಾಡು, ಪ್ಲೇಗಿನ ಭಾಗ ಮನಸ್ಸನ್ನು ಹಿಂಡುತ್ತದೆ. ಮನಸ್ಸು ಗಟ್ಟಿ ಇರುವ ದಿನಗಳಿಗೆ ಇಟ್ಟುಕೊಳ್ಳಿ.

ನಿಮ್ಮ ಅತ್ತೆಗೆ ಕಣ್ಣು ಮಂಜು, ಓದೋಕಾಗಲ್ಲ ಅಂತ ಬರೆದಿದ್ದೀರಿ. ಅವರಿಗೆ ನೀವೇ ಓದಿ ಹೇಳಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೇಮಾವತಿ ದಂಡೆಯ ಜನ, ಅವರ ಮಾತು. ನಾನು ರಾತ್ರಿ ಊಟದ ಮೇಲೆ ಅರ್ಧ ಗಂಟೆ ನಮ್ಮ ಅತ್ತೆಗೆ ಓದುತ್ತಿದ್ದೆ. ನಡುವೆ ನಿಲ್ಲಿಸಿ ಅವರು ತಮ್ಮ ತವರಿನ ಕತೆ ಶುರು ಮಾಡುತ್ತಿದ್ದರು. ಆ ಪುಸ್ತಕ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ.

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿ. ಹಳ್ಳಿಯಲ್ಲಿರುವವರು ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿಯ ಗ್ರಂಥಾಲಯದಲ್ಲಿ, ವಿಚಾರಿಸಿ. ಕೊಳ್ಳುವುದಾದರೆ ನವೆಂಬರ್‌ವರೆಗೆ ಕಾಯಿರಿ, ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಸಿಗುತ್ತದೆ.

ಮಳೆಗಾಲದಲ್ಲಿ ಪುಸ್ತಕಕ್ಕೆ ಹಿಡಿಯುವ ಬೂಷ್ಟಿನ ಬಗ್ಗೆ ಗುಂಪಿನ ಸಕಲೇಶಪುರದ ಅಣ್ಣ ಕೇಳಿದ್ದರು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಒತ್ತಿ ಒತ್ತಿ ತುಂಬಬೇಡಿ. ತೇವ ಇರುವಾಗ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಕೆಟ್ಟಿತು ಅಂತಲೇ ಲೆಕ್ಕ, ನಾನು ಹಾಗೆ ಮಾಡಿ ಒಂದು ಕಟ್ಟು ಪುಸ್ತಕ ಕಳೆದುಕೊಂಡೆ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಬೀರುವಿನಲ್ಲಿಡಿ. ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮಳೆ ಬಿಟ್ಟ ದಿನ ಗಾಳಿಯಾಡುವ ನೆರಳಲ್ಲಿ ಬಿಡಿಸಿಟ್ಟು, ಚೆನ್ನಾಗಿ ಒಣಗಿದ ಮೇಲೆ ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಅಕ್ಕಾ, ‘ಕರ್ವಾಲೊ’ ಹಿಡಿದ ಮೇಲೆ ಎಲ್ಲಿಗೆ ಬಂದಿರಿ ಅಂತ ಇಲ್ಲಿ ಬರೆಯಿರಿ. ಮದುಮಗಳಿಗೆ ವಾಪಸ್ ಹೋಗುವ ದಿನ ನನಗೆ ಹೇಳಿ. ಆ ಕ್ಯಾಲೆಂಡರ್ ಚೀಟಿ ಇನ್ನೂ ನನ್ನ ಪುಸ್ತಕದೊಳಗೇ ಇದೆ, ಫೋಟೊ ತೆಗೆದು ಹಾಕುತ್ತೇನೆ.