ಟ್ಯಾಗ್ ಹಾಕಿದರೂ ಜಾಗ ಹಿಡಿದವರು

ಪ್ರಶ್ನೆ: ನಮ್ಮ ಅಪಾಚೆ ಕ್ಲೌಡ್‌ಸ್ಟ್ಯಾಕ್‌ನಲ್ಲಿ (ವರ್ಚುವಲ್ ಯಂತ್ರಗಳನ್ನು, ಅಂದರೆ ವಿಎಂಗಳನ್ನು, ನಡೆಸುವ ಕ್ಲೌಡ್ ತಂತ್ರಾಂಶ) ಐದು ಹೋಸ್ಟ್‌ಗಳಿವೆ, ಅಂದರೆ ವಿಎಂಗಳು ಓಡುವ ಸರ್ವರ್‌ಗಳು. ಕ್ಲೌಡ್‌ಸ್ಟ್ಯಾಕ್ ತನ್ನದೇ ಕೆಲಸಕ್ಕೆ ಓಡಿಸುವ ಸಿಸ್ಟಂ ವಿಎಂಗಳಿಗೆಂದೇ ಒಂದಕ್ಕೆ ಟ್ಯಾಗ್ ಹಾಕಿದೆ. ಬಳಕೆದಾರರ ವಿಎಂಗಳೂ ಅಲ್ಲೇ ಬಂದು ಕೂರುತ್ತಿವೆ, ಯಾಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಹೋಸ್ಟ್ ಟ್ಯಾಗ್ 'ಬಾ' ಅನ್ನುತ್ತದೆ, 'ಬರಬೇಡ' ಅನ್ನುವುದಿಲ್ಲ. ಆಫರಿಂಗ್ ಅಂದರೆ ವಿಎಂಗೆ ಎಷ್ಟು ಸಿಪಿಯು, ಮೆಮೊರಿ, ಯಾವ ಟ್ಯಾಗ್ ಅಂತ ಹೇಳುವ ಅಚ್ಚು. ಟ್ಯಾಗ್ ಇಲ್ಲದ ಆಫರಿಂಗ್‌ನ ವಿಎಂ ಎಲ್ಲಿ ಬೇಕಾದರೂ ಕೂರಬಹುದು. ನಮ್ಮ ಕಡೆ ಅಡಿಕೆ ಸುಲಿಯಲು ಅಂಗಳ ಗುಡಿಸಿಟ್ಟರೆ ನೆಂಟರು ಅಲ್ಲೇ ಬೈಕ್ ನಿಲ್ಲಿಸಿದ ಹಾಗೆ. ಆದ್ದರಿಂದ ಬಳಕೆದಾರರ ಆಫರಿಂಗ್‌ಗಳಿಗೂ ಬೇರೆ ಟ್ಯಾಗ್ ಕೊಡಿ, ಉಳಿದ ಹೋಸ್ಟ್‌ಗಳಿಗೆ ಅದನ್ನೇ ಹಾಕಿ.

ಕಾಯ್ದಿಡುವುದು ಒಂದಲ್ಲ, ಎರಡು ಹೋಸ್ಟ್ ಇರಲಿ. ಒಂದೇ ಇದ್ದು ಅದು ಸತ್ತರೆ ಟ್ಯಾಗ್ ಇರುವ ಸಿಸ್ಟಂ ವಿಎಂಗಳಿಗೆ ಬೇರೆ ಮನೆಯಿಲ್ಲ.

ಶಿವಮೊಗ್ಗದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಕಡೆ ಏನನ್ನೂ ಬೇರ್ಪಡಿಸಿರಲಿಲ್ಲ. ಜುಲೈ ಮಳೆಯ ರಾತ್ರಿ ಕರೆಂಟ್ ಹೋಗಿ ಒಂದು ಹೋಸ್ಟ್ ಬಿತ್ತು. ಉಳಿದವುಗಳ ಮೆಮೊರಿಯನ್ನು ಬಳಕೆದಾರರೇ ತುಂಬಿದ್ದರು. ಟೆಂಪ್ಲೇಟ್‌ಗಳನ್ನು (ಹೊಸ ವಿಎಂ ಮಾಡುವ ಸಿದ್ಧ ಡಿಸ್ಕ್ ಪ್ರತಿಗಳು) ನೋಡಿಕೊಳ್ಳುವ ಸೆಕೆಂಡರಿ ಸ್ಟೋರೇಜ್ ವಿಎಂ ಏಳಲೇ ಇಲ್ಲ, 'ಸಾಮರ್ಥ್ಯ ಸಾಲದು' ಅಂತ ಲಾಗ್ ತುಂಬ ಗೋಳು. ಓಡುತ್ತಿದ್ದ ವಿಎಂಗಳು ಓಡುತ್ತಲೇ ಇದ್ದವು, ಆದರೆ ಟೆಂಪ್ಲೇಟ್ ಅಪ್‌ಲೋಡ್ ಪೂರ್ತಿ ಬಂದ್. ಇನ್ನೊಂದು ಸಿಸ್ಟಂ ವಿಎಂ ಆದ ವರ್ಚುವಲ್ ರೂಟರ್ ಬಿದ್ದಿದ್ದರೆ ಕಥೆ ಇನ್ನೂ ಕೆಟ್ಟದ್ದು: ವಿಎಂಗಳಿಗೆ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಎಲ್ಲ ಅದರ ಕೈಯಲ್ಲೇ.

ಇನ್ನೊಂದು ಮಾತು. ಸಿಸ್ಟಂ ವಿಎಂಗಳ ಟ್ಯಾಗ್ ಅವುಗಳ ಆಫರಿಂಗ್‌ನಲ್ಲೇ ಇರಬೇಕು. ಸೆಕೆಂಡರಿ ಸ್ಟೋರೇಜ್ ವಿಎಂ, ಕನ್ಸೋಲ್ ಪ್ರಾಕ್ಸಿ ವಿಎಂ (ವಿಎಂಗಳ ಪರದೆಯನ್ನು ಬ್ರೌಸರ್‌ನಲ್ಲಿ ತೋರಿಸುವುದು) ಇವೆರಡರ ಆಫರಿಂಗ್ ಯಾವುದೆಂಬುದು ಗ್ಲೋಬಲ್ ಸೆಟ್ಟಿಂಗ್‌ನಲ್ಲಿದೆ. ರೂಟರ್‌ನದು ನೆಟ್‌ವರ್ಕ್ ಆಫರಿಂಗ್‌ನಲ್ಲಿ. ಗ್ಲೋಬಲ್ ಸೆಟ್ಟಿಂಗ್ ಬದಲಿಸಿ, ಮ್ಯಾನೇಜ್‌ಮೆಂಟ್ ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಸೆಕೆಂಡರಿ ಸ್ಟೋರೇಜ್, ಕನ್ಸೋಲ್ ಪ್ರಾಕ್ಸಿಗಳ ಹಳೆಯ ವಿಎಂ ಎರಡನ್ನೂ ಡಿಸ್ಟ್ರಾಯ್ ಮಾಡಿ, ತಾವೇ ಹೊಸದಾಗಿ ಹುಟ್ಟುತ್ತವೆ. ಕೆಲಸದ ಹೊತ್ತಲ್ಲಿ ಮಾತ್ರ ಬೇಡ ಮಾರಾಯ್ರೆ.