ಗೋಡೆಗೆ ಯಾವ ಅಲಂಕಾರ ಅಂತ ಕೇಳಿದ್ದೀರಿ, ನಿಮ್ಮ ಮನೆಯ ಮೆಟ್ಟಿಲು ಎಷ್ಟು ಉಳಿದಿದೆ?

ಹಾಲ್‌ನ ಗೋಡೆಯ ಬುಡದಲ್ಲಿ ಪೇಂಟ್ ಎದ್ದು ಬರ್ತಿದೆ, ಮೇ ತಿಂಗಳಲ್ಲಿ ತಂಗಿಯ ಮದುವೆ, ಟೆಕ್ಸ್ಚರ್ ಪೇಂಟ್, ವಾಲ್‌ಪೇಪರ್, ಪಿವಿಸಿ ಪ್ಯಾನೆಲ್, ಈ ಮೂರರಲ್ಲಿ ಯಾವುದು ಚೆಂದ, ಯಾವುದು ಬಾಳಿಕೆ ಅಂತ ಕೇಳಿದ್ದೀರಿ. ಮೂರೂ ಬೇಡ. ನಾನು ಈ ಮೂರನ್ನೂ ಒಂದೇ ಗೋಡೆಗೆ, ಒಂದರ ನಂತರ ಒಂದು ಮಾಡಿಸಿದವನು.

ನಿಮ್ಮ ಪ್ರಶ್ನೆಯ ನಡುವೆ ಸುಮ್ನೆ ಒಂದು ಸಾಲು ಬರೆದಿದ್ದೀರಿ: "ಹೋದ ವರ್ಷ ಅಂಗಳ ಎತ್ತರಿಸಿ ಇಂಟರ್‌ಲಾಕ್ ಹಾಕಿಸಿದೆವು, ಹೊರಗೆ ಚೆಂದ ಆಯ್ತು, ಈಗ ಒಳಗೂ ಆಗಬೇಕು." ಆ ಸಾಲು ಓದಿದ ಮೇಲೆ ಉಳಿದದ್ದನ್ನು ನಾನು ಸರಿಯಾಗಿ ಓದಲೇ ಇಲ್ಲ.

ನಮ್ಮದು ಪುತ್ತೂರಿನ ಬದಿ. ಅಪ್ಪ 1991ರಲ್ಲಿ ಕಟ್ಟಿಸಿದ ಮನೆ. ಒಂಬತ್ತು ಇಂಚಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಅದಕ್ಕೆ ಸಿಮೆಂಟಿನ ಸಾರಣೆ. ಮೂರು ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿ ದಾಟಿದರೆ ಹಾಲ್. 26 ಮಳೆಗಾಲ ಆ ಗೋಡೆ ಒಂದು ಗುಳ್ಳೆ ಏಳಿಸಿರಲಿಲ್ಲ. ಮೊದಲು ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ ಬಳಿಯುತ್ತಿದ್ದೆವು, ಆಮೇಲೆ ಡಿಸ್ಟೆಂಪರ್. ಅಷ್ಟೇ ಅದರ ಸಿಂಗಾರ.

2017ರ ಡಿಸೆಂಬರಿನಲ್ಲಿ ನಾನು ಕಾರು ತೆಗೆದುಕೊಂಡೆ. ಮಳೆಗೆ ನೆನೆಯದೆ ಕಾರಿನಿಂದ ನೇರ ಜಗಲಿಗೆ ಇಳಿಯಬೇಕು ಅಂತ ಆಸೆ. ಅಂಗಳಕ್ಕೆ ಒಂದು ಅಡಿ ಮಣ್ಣು ತುಂಬಿಸಿ, ಅದರ ಮೇಲೆ ಕ್ರಶರ್ ಹುಡಿ ಹರಡಿ, ಮೂರು ಇಂಚು ದಪ್ಪದ ಸಿಮೆಂಟಿನ ಇಂಟರ್‌ಲಾಕ್ ಕಲ್ಲು ಹಾಕಿಸಿದೆ. "ಮೆಟ್ಟಿಲು ಮುಚ್ಚಬೇಡ ಮಗಾ, ಅಪ್ಪ ಲೆಕ್ಕ ಹಾಕಿ ಇಟ್ಟದ್ದು" ಅಂತ ಅಮ್ಮ ಹೇಳಿದ್ದು ನಿಜ. ಮಂಡಿ ನೋವಿನವರಿಗೆ ಮೆಟ್ಟಿಲು ಕಡಿಮೆ ಆದರೆ ಒಳ್ಳೆಯದಲ್ವಾ ಅಂತ ನಾನೇ ಬಾಯಿ ಮುಚ್ಚಿಸಿದೆ.

2018ರ ಏಪ್ರಿಲಿನಲ್ಲಿ ಹಾಲ್‌ಗೆ ಟೆಕ್ಸ್ಚರ್. ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆ, ಚದರ ಅಡಿಗೆ 70 ರೂಪಾಯಿ, ಒಟ್ಟು 9,800. ಅಲೆ ಅಲೆಯಾಗಿ ಎಳೆದಿದ್ದರು, ಸಂಜೆ ದೀಪ ಹಾಕಿದರೆ ನೋಡಬೇಕು ನೀವು. ಜುಲೈಯಲ್ಲಿ ಬುಡದಿಂದ ಎರಡಡಿ ಎತ್ತರಕ್ಕೆ ಹಪ್ಪಳದ ಹಾಗೆ ಉಬ್ಬಿತು. ಬೆರಳು ಒತ್ತಿದರೆ ಒಳಗೆ ಬಿಳಿ ಹುಡಿ. ನಾನು ಅದನ್ನು ಬೂಷ್ಟು ಅಂತ ತಿಳಿದಿದ್ದೆ. ಅದು ಉಪ್ಪು. ಮಣ್ಣಿನಲ್ಲೂ ಸಿಮೆಂಟಿನಲ್ಲೂ ಇರುವ ಉಪ್ಪನ್ನು ನೀರು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆರಿಹೋಗುತ್ತದೆ, ಉಪ್ಪು ಹರಳಾಗಿ ಅಲ್ಲೇ ಬೆಳೆಯುತ್ತದೆ. ಬೆಳೆಯಲು ಜಾಗ ಬೇಕಲ್ಲ, ಪೇಂಟನ್ನು ಹೊರಗೆ ತಳ್ಳುತ್ತದೆ.

ಪೇಂಟರ್ ಬಂದು ನೋಡಿ, "ಅಣ್ಣ, ಡ್ಯಾಂಪ್ ಪ್ರೂಫ್ ಎರಡು ಕೋಟ್ ಹೊಡೆದರೆ ಮತ್ತೆ ಜನ್ಮದಲ್ಲಿ ಬರೋದಿಲ್ಲ" ಅಂದ. ಕೆರೆದು, ಪುಟ್ಟಿ ಹಾಕಿ, ಹೊಡೆದ. 6,500. ಮುಂದಿನ ಮಳೆಗೆ ಎರಡಡಿಯಲ್ಲಿದ್ದ ಗುಳ್ಳೆ ಮೂರೂವರೆ ಅಡಿಗೆ ಏರಿತು! ಅವನು ಸುಳ್ಳುಗಾರ ಅಲ್ಲ, ಅವನಿಗೆ ಗೊತ್ತಿದ್ದದ್ದು ಅಷ್ಟು. ಮೊದಲು ಎರಡಡಿಯಲ್ಲಿ ಆರಿಹೋಗುತ್ತಿದ್ದ ನೀರಿಗೆ ನಾವು ಬಾಗಿಲು ಹಾಕಿದೆವು. ಅದು ದಾರಿ ಸಿಗುವ ತನಕ ಮೇಲೆ ಹತ್ತಿತು.

2020ರಲ್ಲಿ ವಾಲ್‌ಪೇಪರ್. ಒಂದು ರೋಲಿಗೆ 57 ಚದರ ಅಡಿ, ಮೂರು ರೋಲು, ಅಂಟಿಸುವ ಕೂಲಿ ಸೇರಿ 8,400. ಕೆಳಗಿನ ಅಂಚು ಸುರುಳಿ ಎದ್ದಾಗ ಎಳೆದು ನೋಡಿದರೆ ಹಿಂದೆ ಕಾಡಿಗೆ ಬಳಿದ ಹಾಗೆ ಕಪ್ಪು. ಗಂಜಿಯಂಥ ಅಂಟು, ಜೊತೆಗೆ ತೇವ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಊಟ ಎಲ್ಲಿ ಸಿಗಬೇಕು? ಆ ವಾಸನೆಗೆ ಮಗಳ ದಮ್ಮು ಜಾಸ್ತಿಯಾಯಿತು.

2021ರಲ್ಲಿ, ನಾಚಿಕೆ ಬಿಟ್ಟು ಹೇಳ್ತೇನೆ, ಪಿವಿಸಿ ಪ್ಯಾನೆಲ್. ಮರದ ರೀಪು ಹೊಡೆದು ಅದರ ಮೇಲೆ ತೇಗದ ಬಣ್ಣದ ಪ್ಯಾನೆಲ್, 22,400. ಪ್ಲಾಸ್ಟಿಕ್ಕಿಗೆ ನೀರು ಏನು ಮಾಡುತ್ತದೆ ಅಂತ ಧೈರ್ಯ. ನೀರು ಪ್ಲಾಸ್ಟಿಕ್ಕಿಗೆ ಏನೂ ಮಾಡಲಿಲ್ಲ. ಆದರೆ ಪ್ಯಾನೆಲಿಗೂ ಗೋಡೆಗೂ ನಡುವೆ ಮುಕ್ಕಾಲು ಇಂಚು ಸಂದು, ಕತ್ತಲು, ತೇವ, ಒದ್ದೆ ಮರ. ಗೆದ್ದಲಿಗೆ ನಾನೇ ಮನೆ ಕಟ್ಟಿಕೊಟ್ಟಿದ್ದೆ. ಹದಿನಾಲ್ಕು ತಿಂಗಳು ಏನೂ ಗೊತ್ತಾಗಲಿಲ್ಲ. ಅದೇ ಆ ಪ್ಯಾನೆಲಿನ ದೊಡ್ಡ ಗುಣ, ನಮಗೆ ಏನೂ ಗೊತ್ತಾಗಲು ಬಿಡುವುದಿಲ್ಲ. ಗೊತ್ತಾದಾಗ ಅವು ರೀಪು ಮುಗಿಸಿ, ಪಕ್ಕದ ಕಪಾಟಿನ ಹಿಂದಿನ ಪ್ಲೈವುಡ್ ದಾಟಿ, ಅಪ್ಪನ ಪುಸ್ತಕಗಳಿಗೆ ಬಂದಿದ್ದವು. ಅವರ ಕೈಬರಹದ ತೋಟದ ಲೆಕ್ಕದ ಪುಸ್ತಕಗಳೂ ಅಲ್ಲೇ ಇದ್ದವು. ಎರಡು ಉಳಿದಿವೆ.

ಅಷ್ಟು ಹೊತ್ತಿಗೆ ಗೋಡೆಗೆ 47,100 ರೂಪಾಯಿ ತಿನ್ನಿಸಿದ್ದೆ. ಗೆದ್ದಲಿನ ಮದ್ದು ಬೇರೆ.

ಗೆದ್ದಲು ಕಂಡ ವರ್ಷದ ನವೆಂಬರಿನಲ್ಲಿ ದನದ ಹಟ್ಟಿಯ ಕೆಲಸಕ್ಕೆ ಒಬ್ಬರು ವಯಸ್ಸಾದ ಮೇಸ್ತ್ರಿ ಬಂದಿದ್ದರು. ಹಿಂದೆ ಅಪ್ಪನ ಹತ್ತಿರ ಕೆಲಸ ಮಾಡಿದವರು. ಹಾಲ್‌ನ ಗೋಡೆ ತೋರಿಸುತ್ತೇನೆ ಬನ್ನಿ ಅಂದರೆ ಒಳಗೇ ಬರಲಿಲ್ಲ. ಅಂಗಳದಲ್ಲಿ ನಿಂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಇಲ್ಲಿ ಮೂರು ಮೆಟ್ಟಿಲಿತ್ತಲ್ಲ ಮಗಾ, ಎರಡೂವರೆ ಎಲ್ಲಿಗೆ ಹೋಯಿತು?"

ಇದನ್ನು ಸ್ವಲ್ಪ ಉದ್ದ ಬರೀತೇನೆ, ನಿಮಗೆ ಬೇಕಾದದ್ದು ಇದೊಂದೇ.

ಮನೆ ಕಟ್ಟುವಾಗ ಪಂಚಾಂಗದ, ಅಂದರೆ ಅಡಿಪಾಯದ ಮೇಲೆ, ಗೋಡೆ ಶುರುವಾಗುವ ಜಾಗದಲ್ಲಿ, ಒಂದೂವರೆ ಇಂಚು ಕಾಂಕ್ರೀಟ್ ಹಾಕಿ ಅದಕ್ಕೆ ಡಾಂಬರು ಬಳಿಯುತ್ತಾರೆ. ಡ್ಯಾಂಪ್ ಪ್ರೂಫ್ ಕೋರ್ಸ್, ಚುಟುಕಾಗಿ ಡಿಪಿಸಿ ಅಂತಾರೆ. ನೆಲದ ನೀರು ಗೋಡೆಗೆ ಹತ್ತದಿರಲಿ ಅಂತ. ಯಾಕೆಂದರೆ ಮುರಕಲ್ಲು, ಇಟ್ಟಿಗೆ, ಸಿಮೆಂಟಿನ ಸಾರಣೆ ಎಲ್ಲವೂ ದೀಪದ ಬತ್ತಿ ಇದ್ದ ಹಾಗೆ, ಬುಡ ಒದ್ದೆಯಾದರೆ ಸಾಕು, ತಾವಾಗಿ ಮೇಲಕ್ಕೆ ಹೀರುತ್ತವೆ. ಆ ಡಾಂಬರಿನ ಗೆರೆ ಹೊರಗಿನ ನೆಲಕ್ಕಿಂತ ಕನಿಷ್ಠ ಆರು ಇಂಚು ಮೇಲಿರಬೇಕು. ಅಪ್ಪ ಹದಿನೇಳು ಇಂಚು ಬಿಟ್ಟಿದ್ದರು. ನಾನು ಹದಿನೈದು ಇಂಚು ಏರಿಸಿದೆ. ಉಳಿದದ್ದು ಎರಡೇ ಇಂಚು. ಮೂಲೆಯಲ್ಲಿ ಅದೂ ಇಲ್ಲ, ಅಲ್ಲಿ ಇಂಟರ್‌ಲಾಕ್ ಗೆರೆಗಿಂತ ಮೇಲೆಯೇ ಇತ್ತು. ಅದು ಸಾಲದು ಅಂತ ನೀರಿನ ಇಳಿಜಾರು ಗೋಡೆಯ ಕಡೆಗೆ. ಗೇಟಿನ ಹತ್ತಿರ ಕೆಸರು ಆಗಬಾರದು ಅಂತ ನಾನೇ ಹಾಗೆ ಹೇಳಿ ಮಾಡಿಸಿದ್ದು.

ಇರುವೆ ಬಾರದ ಹಾಗೆ ತಟ್ಟೆಗೆ ನೀರು ಹಾಕಿ, ಅದರ ನಡುವೆ ಸಕ್ಕರೆ ಡಬ್ಬ ಇಡುತ್ತೇವಲ್ಲ? ತಟ್ಟೆ ಸರಿ, ನೀರೂ ಸರಿ. ಆದರೆ ಯಾರೋ ಡಬ್ಬಕ್ಕೆ ಒಂದು ಸೌಟು ಒರಗಿಸಿಟ್ಟರೆ ಇರುವೆ ಸೌಟು ಹತ್ತಿ ಬರುತ್ತದೆ. ನಾನು ತುಂಬಿಸಿದ ಮಣ್ಣು ಆ ಸೌಟು. ಡಿಪಿಸಿ ಅಪ್ಪ ಹಾಕಿಸಿದ ಜಾಗದಲ್ಲೇ ಗಟ್ಟಿಯಾಗಿ ಇತ್ತು. ನೀರು ಅದನ್ನು ದಾಟಲಿಲ್ಲ, ಸುತ್ತಿ ಬಳಸಿ ಬಂತು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಹೆಚ್ಚಿನದ್ದೆಲ್ಲ ನಾಲ್ಕು ತಿಂಗಳಲ್ಲಿ. ಸೂರಿನ ನೀರು ಮಣ್ಣಿನ ಮೇಲೆ ಬಿದ್ದರೆ ಇಂಗುತ್ತದೆ. ಸಿಮೆಂಟಿನ ಕಲ್ಲಿನ ಮೇಲೆ ಬಿದ್ದರೆ ಪುಟಿದು ಗೋಡೆಗೇ ಹಾರುತ್ತದೆ. ನಾಲ್ಕು ವರ್ಷ ನಾನು ಒಳಗಿನ ಗೋಡೆ ನೋಡ್ತಾ ಕೂತಿದ್ದೆ. ಕಾಯಿಲೆ ಹೊರಗೆ, ನಾನು ದಿನಾ ಕಾರು ನಿಲ್ಲಿಸುವ ಜಾಗದಲ್ಲಿತ್ತು.

ನೀವು ಬಂಟ್ವಾಳ ಅಂದಿದ್ದೀರಿ, ಅದೇ ಮಳೆ, ಬಹುಶಃ ಅದೇ ಕಲ್ಲು.

ಸರಿ ಮಾಡಿದ್ದು ಹೀಗೆ. ಗೋಡೆಯ ಉದ್ದಕ್ಕೂ ಎರಡೂವರೆ ಅಡಿ ಅಗಲಕ್ಕೆ ಇಂಟರ್‌ಲಾಕ್ ಕಿತ್ತು, ಅಪ್ಪನ ಕಾಲದ ನೆಲ ಸಿಗುವ ತನಕ ಅಗೆದು, ಜಲ್ಲಿ ತುಂಬಿದ ಚರಂಡಿ ಮಾಡಿ ತೋಟದ ಕಡೆಗೆ ಇಳಿಸಿದೆವು. ಒಳಗೆ ಸಿಮೆಂಟಿನ ಸಾರಣೆಯನ್ನು ಐದು ಅಡಿ ಎತ್ತರದ ತನಕ ಕೆತ್ತಿಸಿದೆವು. ಆಮೇಲೆ ಡಿಸೆಂಬರಿನಿಂದ ಮೇ ತನಕ ಏನೂ ಮಾಡಲಿಲ್ಲ. ಬೋಳು ಕೆಂಪು ಕಲ್ಲಿನ ಗೋಡೆ, ಬಂದವರೆಲ್ಲ ದುಡ್ಡು ಮುಗಿಯಿತಾ ಅಂತ ಕೇಳಿದರು. ವಾರಕ್ಕೊಮ್ಮೆ ಒಣ ಬ್ರಷ್ಷಿನಲ್ಲಿ ಉಪ್ಪು ಉಜ್ಜಿ ತೆಗೆಯುವುದು. ನೀರು ಹಾಕಿ ತೊಳೆಯಬಾರದು, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಒದ್ದೆ ಗೋಡೆ ಒಂದು ಇಂಚು ಒಣಗಲು ಒಂದು ತಿಂಗಳು ಅಂತ ಒಂದು ಅಂದಾಜು ಇದೆ. ಒಂಬತ್ತು ಇಂಚಿಗೆ ನೀವೇ ಲೆಕ್ಕ ಹಾಕಿ. ನಮ್ಮದು ಪೂರ್ತಿ ಒಣಗಲಿಲ್ಲ. ಅದಕ್ಕೇ ಮೇಸ್ತ್ರಿ ಸಿಮೆಂಟ್ ಬೇಡ ಅಂದರು. ಸುಣ್ಣದ ಕಲ್ಲು ಅರಳಿಸಿ ಮೂರು ವಾರ ನೀರಿನಡಿ ಇಟ್ಟು, ಒಂದಕ್ಕೆ ಮೂರು ಮರಳು ಬೆರೆಸಿ ಗಾರೆ ಮಾಡಿದರು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಕಟ್ಟಿಹಾಕುವುದಿಲ್ಲ. ಅದರ ಮೇಲೆ ಮಜ್ಜಿಗೆ ನೀರಿನಷ್ಟು ತೆಳ್ಳಗೆ ಸುಣ್ಣ, ನಾಲ್ಕು ಸಲ. ಕೊನೆಯ ಎರಡು ಸಲಕ್ಕೆ ನಾನು ಜರಡಿ ಹಿಡಿದ ಕೆಮ್ಮಣ್ಣು ಒಂದು ಹಿಡಿ ಹಾಕಿಸಿದೆ. ಒಣಗಿದ ಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿಯ ಬಣ್ಣ ಬಂತು. ಕುಂಚದ ಗೆರೆ ಅಲ್ಲಲ್ಲಿ ಕಾಣುತ್ತದೆ, ಬೆಳಕು ಬಿದ್ದರೆ ಗೋಡೆ ಮೆತ್ತಗೆ ಇದ್ದ ಹಾಗೆ ಅನಿಸುತ್ತದೆ. ಪೇಟೆಯಲ್ಲಿ ಇದನ್ನೇ ಲೈಮ್‌ವಾಶ್ ಫಿನಿಶ್ ಅಂತ ದುಬಾರಿಗೆ ಮಾರ್ತಾರಂತೆ, ನಗು ಬರುತ್ತದೆ. ಅಗೆತ, ಜಲ್ಲಿ, ಸುಣ್ಣ, ಕೂಲಿ ಎಲ್ಲ ಸೇರಿ ನಮಗೆ ಆದದ್ದು ಸುಮಾರು 19,000.

ಕೊರತೆ ಇಲ್ಲವಾ? ಇದೆ. ಒರಗಿದರೆ ಬಿಳಿ ಅಂಗಿಗೆ ಬಣ್ಣ ಹತ್ತುತ್ತದೆ. ಜುಲೈಯಲ್ಲಿ ಬುಡದ ಆರು ಇಂಚು ಈಗಲೂ ಸ್ವಲ್ಪ ಕಪ್ಪಾಗುತ್ತದೆ, ಅಕ್ಟೋಬರಿನಲ್ಲಿ ತಾನಾಗಿ ಹೋಗುತ್ತದೆ. ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕಪ್ಪು ಅಥವಾ ಕೆಂಪು ಪಟ್ಟಿ ಬಳಿಯುತ್ತಿದ್ದರಲ್ಲ, ಅದು ಬರೀ ಚೆಂದಕ್ಕೆ ಇರಲಿಕ್ಕಿಲ್ಲ ಅಂತ ನನಗೆ ಈಗ ಅನಿಸುತ್ತದೆ. ನಾವೂ ಒಂದು ಪಟ್ಟಿ ಎಳೆದಿದ್ದೇವೆ.

ಗೋಡೆಗೆ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಕೊಡ್ತೇವೆ ಅಂತ ನಿಮ್ಮಲ್ಲಿಗೂ ಯಾರಾದರೂ ಬರಬಹುದು. ಡಿಪಿಸಿಯೇ ಇಲ್ಲದ ಮನೆಗೆ ಆ ಮಾತು ಬೇರೆ. ಇದ್ದ ಡಿಪಿಸಿಯನ್ನು ಹೂತವರಿಗೆ ಮೊದಲು ಬೇಕಾದದ್ದು ಹಾರೆ.

ನಿಮ್ಮದು ನನ್ನ ಕತೆಯೇ ಅಂತ ನಾನು ಆಣೆ ಹಾಕುವುದಿಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ ಕಟ್ಟಿದರೆ ಕೋಣೆಯ ಗಾಳಿಯದ್ದು. ಕಲೆ ನೆಲದಿಂದ ಶುರುವಾಗಿ ಮೂರು ನಾಲ್ಕು ಅಡಿಗೆ ನಿಂತರೆ ಅಂಗಳ ನೋಡಿ. ಒಂದೇ ಕಡೆ ದುಂಡಗೆ ಇದ್ದರೆ ಗೋಡೆಯೊಳಗಿನ ಪೈಪ್, ಮೇಲಿನಿಂದ ಇಳಿದರೆ ಟೆರೇಸು.

ಮದುವೆಗೆ ಏನು ಮಾಡುವುದು ಅಂದರೆ, ಏನೂ ಮಾಡಬೇಡಿ ಮಾರಾಯ್ರೇ. ಉಬ್ಬಿದ್ದನ್ನು ಕೆರೆದು ತೆಳ್ಳಗೆ ಒಂದು ಕೈ ಸುಣ್ಣ ಬಳಿಸಿ, ಅಮ್ಮನ ಹಳೆಯ ಎರಡು ರೇಷ್ಮೆ ಸೀರೆ ಇಳಿಬಿಡಿ, ಮಲ್ಲಿಗೆ ಹಾಕಿ. ಫೋಟೋ ಹೇಗೂ ಮದುವೆ ಹಾಲ್‌ನಲ್ಲೇ ತೆಗೆಯುವುದು. ಮನೆಗೆ ಬಂದ ನೆಂಟರು ಗೋಡೆ ನೋಡುವುದಿಲ್ಲ, ಊಟಕ್ಕೆ ಎಲೆ ಎಲ್ಲಿ ಹಾಕಿದ್ದಾರೆ ಅಂತ ನೋಡುತ್ತಾರೆ. ಪ್ಯಾನೆಲ್ ಮೇಲೆ ಅಷ್ಟು ಆಸೆ ಇದ್ದರೆ ಮಹಡಿಯ ಒಳಗೋಡೆಗೆ ಹಾಕಿಸಿಕೊಳ್ಳಿ, ಹೊರಗಿನ ಮಳೆಗೆ ಒಡ್ಡಿಕೊಂಡ ಗೋಡೆಗೆ ಬೇಡವೇ ಬೇಡ.

ಇವತ್ತು ಸಂಜೆ ಬೆಳಕಿರುವಾಗ ಒಂದು ಟೇಪ್ ತೆಗೆದುಕೊಂಡು ಹೊರಗೆ ಹೋಗಿ. ಇಂಟರ್‌ಲಾಕಿನಿಂದ ಒಳಗಿನ ನೆಲದ ಮಟ್ಟಕ್ಕೆ ಎಷ್ಟು ಇಂಚು ಅಂತ ಅಳೆದು, ಮೊದಲು ಎಷ್ಟು ಮೆಟ್ಟಿಲಿತ್ತು ಅನ್ನುವುದನ್ನು ಮನೆಯ ಹಿರಿಯರ ಹತ್ತಿರ ಕೇಳಿ ಇಲ್ಲಿ ಬರೆಯಿರಿ. ಬಣ್ಣದ ಮಾತು ಆಮೇಲೆ ಆಡುವ.