ಜಾಹೀರಾತಿಗೆ ಹಣ ಹಾಕದೆ, ಕೀವರ್ಡ್ ರಿಸರ್ಚ್‌ನಿಂದಲೇ ಅಫಿಲಿಯೇಟ್ ಲಿಂಕ್‌ಗಳಿಗೆ ಜನರನ್ನು ತರಲು ಸಾಧ್ಯವೇ?

ಎರಡು ತಿಂಗಳಿಂದ ವಾಟ್ಸಾಪ್ ಗುಂಪುಗಳಲ್ಲಿ ಅಮೆಜಾನ್‌ನ ಅಫಿಲಿಯೇಟ್ ಲಿಂಕ್‌ಗಳನ್ನು (ಅವುಗಳ ಮೂಲಕ ಯಾರಾದರೂ ಕೊಂಡರೆ ಹಂಚಿದವರಿಗೆ ಕಮಿಷನ್ ಸಿಗುವ ಲಿಂಕ್‌ಗಳನ್ನು) ಹಂಚುತ್ತಿದ್ದರೂ ಒಂದು ಮಾರಾಟವೂ ಆಗಿಲ್ಲ, ಜಾಹೀರಾತಿಗೆ ಹಾಕಲು ಹಣವಿಲ್ಲ, ಕೀವರ್ಡ್ ರಿಸರ್ಚ್ ಕಲಿತರೆ ಗೂಗಲ್‌ನಿಂದ ಉಚಿತವಾಗಿ ಜನ ಬರುತ್ತಾರೆಯೇ ಎಂದು ನೀವು ಕೇಳಿದ್ದೀರಿ. ಖಂಡಿತ ಬರುತ್ತಾರೆ. ಆದರೆ ಹಣದ ಜಾಗದಲ್ಲಿ, ನಿಮ್ಮದೇ ಒಂದು ಜಾಲತಾಣದಲ್ಲಿ ಬರೆಯುವ ತಿಂಗಳುಗಟ್ಟಲೆ ಶ್ರಮವನ್ನು ಕೊಡಬೇಕಾಗುತ್ತದೆ. ಜೊತೆಗೆ, ಕೀವರ್ಡ್ ಎಂದರೆ ಅತಿ ಹೆಚ್ಚು ಜನ ಹುಡುಕುವ ಪದ ಎಂಬ ತಿಳಿವಳಿಕೆಯನ್ನು ಮೊದಲೇ ಬಿಡಬೇಕಾಗುತ್ತದೆ. ವಸ್ತುವನ್ನು ಕೊಳ್ಳುವ ಮುನ್ನ ಒಬ್ಬ ಮನುಷ್ಯ ಯಾವ ತೊಂದರೆಯಲ್ಲಿದ್ದ, ಆ ತೊಂದರೆಯನ್ನು ಅವನು ಯಾವ ಮಾತಿನಲ್ಲಿ ಹೇಳಿಕೊಂಡ ಎಂಬುದನ್ನು ಪತ್ತೆಹಚ್ಚುವ ಕೆಲಸವನ್ನೇ ನಾನು ಕೀವರ್ಡ್ ರಿಸರ್ಚ್ ಎಂದು ಕರೆಯುತ್ತೇನೆ.

ತುಮಕೂರಿನಲ್ಲಿದ್ದುಕೊಂಡು ಮನೆಬಳಕೆಯ ನೀರಿನ ಫಿಲ್ಟರ್‌ಗಳ ಬಗ್ಗೆ ಬರೆಯುವ ಒಂದು ಸಣ್ಣ ಜಾಲತಾಣವನ್ನು ನಾನು ನಡೆಸುತ್ತೇನೆ. ಆರಂಭದ ತಿಂಗಳುಗಳಲ್ಲಿ ನಾನು ಬರೆದದ್ದೆಲ್ಲ 'ಅತ್ಯುತ್ತಮ ವಾಟರ್ ಪ್ಯೂರಿಫೈಯರ್', 'ಟಾಪ್ ಹತ್ತು ಆರ್‌ಒ' ಎಂಬಂಥ ಶೀರ್ಷಿಕೆಗಳ ಕೆಳಗೆ. ಆ ಪದಗಳನ್ನು ಹುಡುಕುವವರು ಬಹಳ ಮಂದಿ ಇದ್ದಾರೆ ಎಂಬುದು ನಿಜವಾದರೂ, ಅವುಗಳ ಮೊದಲ ಪುಟದಲ್ಲಿ ಕುಳಿತಿರುವುದು ದೊಡ್ಡ ಮಾರಾಟ ತಾಣಗಳು, ತಯಾರಕ ಕಂಪನಿಗಳು ಮತ್ತು ಹತ್ತಾರು ಬರಹಗಾರರನ್ನು ಇಟ್ಟುಕೊಂಡಿರುವ ಪತ್ರಿಕಾ ಸಂಸ್ಥೆಗಳು. ಅವರ ನಡುವೆ ಹೊಸಬನೊಬ್ಬನ ಪುಟಕ್ಕೆ ಗೂಗಲ್ ಜಾಗ ಕೊಡಲು ಯಾವ ಕಾರಣವೂ ಇರಲಿಲ್ಲ. ಪೆಟ್ಟಿಗೆಯ ಮೇಲೆ ಮುದ್ರಿಸಿದ್ದ ವಿವರಗಳನ್ನೇ ನಾನು ಮತ್ತೊಮ್ಮೆ ಬರೆದಿದ್ದೆ.

ದಾರಿ ಸಿಕ್ಕಿದ್ದು ಫಿಲ್ಟರ್ ರಿಪೇರಿ ಮಾಡುವ ಪರಿಚಿತರೊಬ್ಬರ ಅಂಗಡಿಯಲ್ಲಿ. ಅಲ್ಲಿ ಕೆಲವು ಸಂಜೆ ಕುಳಿತು, ಬಂದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಪುಸ್ತಕದಲ್ಲಿ ಬರೆದುಕೊಂಡೆ. 'ಬೋರ್ ನೀರಲ್ಲಿ ಬೇಳೆ ಬೇಯೋದಿಲ್ಲ, ಏನು ಹಾಕಿಸಬೇಕು?', 'ಪಾತ್ರೆಗೆಲ್ಲ ಬಿಳಿ ಕಲೆ ಕೂರುತ್ತೆ', 'ಫಿಲ್ಟರ್‌ನಿಂದ ನೀರು ತುಂಬ ವೇಸ್ಟ್ ಆಗ್ತಿದೆ', 'ಟ್ಯಾಂಕ್ ತುಂಬೋಕೆ ಯಾಕೆ ಇಷ್ಟು ಹೊತ್ತು?' ಇವುಗಳಲ್ಲಿ ಒಂದರಲ್ಲೂ 'ಅತ್ಯುತ್ತಮ' ಎಂಬ ಪದ ಇರಲಿಲ್ಲ. 'ನೀರು ಶುದ್ಧೀಕರಣ ಯಂತ್ರ' ಎಂಬ ಪುಸ್ತಕದ ಕನ್ನಡವೂ ಇರಲಿಲ್ಲ. ನಾನು ಗಡಸು ನೀರು ಎಂದು ಬರೆಯುತ್ತಿದ್ದುದನ್ನು ಜನ ಬೋರ್ ನೀರು, ಉಪ್ಪು ನೀರು ಎನ್ನುತ್ತಾರೆ, ಉತ್ತರ ಕರ್ನಾಟಕದವರು ಸವಳು ನೀರು ಎನ್ನುತ್ತಾರೆ. ಯಾವ ಕಂಪನಿಯದಾದರೂ ಸರಿ, ಫಿಲ್ಟರಿಗೆ ಅಕ್ವಾಗಾರ್ಡ್ ಎಂದೇ ಹೇಳುವ ಮನೆಗಳೂ ಇವೆ. ಜನ ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡುವುದು ಈ ಮಾತುಗಳನ್ನೇ. ನೀವು ಯಾವ ವಸ್ತುವನ್ನು ಆರಿಸಿಕೊಂಡರೂ, ಕಂಪ್ಯೂಟರ್ ತೆರೆಯುವ ಮೊದಲು ಅದನ್ನು ಮಾರುವವರ ಅಥವಾ ರಿಪೇರಿ ಮಾಡುವವರ ಬಳಿ ಹೋಗಿ ಇಂಥ ಒಂದು ಪಟ್ಟಿಯನ್ನು ಮಾಡಿಕೊಳ್ಳಿ. ಹಣ ಕೊಟ್ಟು ಕೊಳ್ಳುವ ಯಾವ ಟೂಲ್‌ನಲ್ಲಿಯೂ ನಿಮಗೆ ಇದು ಸಿಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಒಂದೇ ಪ್ರಶ್ನೆಯನ್ನು ಒಬ್ಬರು ಕನ್ನಡ ಲಿಪಿಯಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆದು, ಮತ್ತೊಬ್ಬರು ಪೂರ್ತಿ ಇಂಗ್ಲಿಷಿನಲ್ಲಿ ಹುಡುಕುತ್ತಾರೆ. ಫೋನಿಗೆ ಬಾಯಲ್ಲೇ ಹೇಳುವವರು ಇಡೀ ವಾಕ್ಯವನ್ನೇ ಹೇಳುತ್ತಾರೆ. ಆದ್ದರಿಂದ ಪಟ್ಟಿಯ ಪ್ರತಿಯೊಂದು ಪ್ರಶ್ನೆಯನ್ನೂ ಮೂರೂ ರೀತಿಯಲ್ಲಿ ಗೂಗಲ್‌ನಲ್ಲಿ ಹಾಕಿ ನೋಡಿ. ಅರ್ಧ ಟೈಪ್ ಮಾಡಿದಾಗ ಕೆಳಗೆ ಇಳಿಯುವ ಸಲಹೆಗಳು, ಫಲಿತಾಂಶದ ನಡುವೆ 'ಜನರು ಇದನ್ನೂ ಕೇಳುತ್ತಾರೆ' ಎಂಬರ್ಥದಲ್ಲಿ ಬರುವ ಪ್ರಶ್ನೆಗಳು, ಪುಟದ ಕೊನೆಯಲ್ಲಿ ಬರುವ ಸಂಬಂಧಿತ ಹುಡುಕಾಟಗಳು, ಈ ಮೂರೂ ಜನರು ನಿಜವಾಗಿ ಹುಡುಕಿದ್ದರ ಆಧಾರದ ಮೇಲೆ ಬರುವಂಥವು ಮತ್ತು ಉಚಿತವಾಗಿ ಸಿಗುವಂಥವು. ಯೂಟ್ಯೂಬ್‌ನ ಹುಡುಕುವ ಪೆಟ್ಟಿಗೆಯಲ್ಲಿಯೂ ಇದನ್ನೇ ಮಾಡಿ.

ಗೂಗಲ್‌ನ ಕೀವರ್ಡ್ ಪ್ಲಾನರ್ ಅನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ, ಆದರೆ ಅದನ್ನು ಓದುವ ಬಗೆಯನ್ನು ಹೇಳಿಕೊಡುವವರು ಕಡಿಮೆ. ಅದು ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕಲಾಗುತ್ತದೆ ಎಂದು ತೋರಿಸಲು ಜಾಹೀರಾತುದಾರರಿಗಾಗಿ ಮಾಡಿದ ಸಾಧನ. ಅಲ್ಲಿ ಸ್ಪರ್ಧೆ ಕಡಿಮೆ, ಸ್ಪರ್ಧೆ ಹೆಚ್ಚು ಎಂದು ಕಾಣುವ ಕಾಲಂ ಆ ಪದಕ್ಕೆ ಜಾಹೀರಾತು ಕೊಡಲು ಎಷ್ಟು ಮಂದಿ ಪೈಪೋಟಿ ನಡೆಸುತ್ತಿದ್ದಾರೆ ಎಂಬುದನ್ನು ಹೇಳುತ್ತದೆಯೇ ಹೊರತು, ಉಚಿತ ಫಲಿತಾಂಶಗಳಲ್ಲಿ ಮೇಲೆ ಬರುವುದು ಎಷ್ಟು ಕಷ್ಟ ಎಂಬುದನ್ನು ಹೇಳುವುದಿಲ್ಲ. ಇದನ್ನು ತಪ್ಪಾಗಿ ಓದಿ, 'ಸ್ಪರ್ಧೆ ಕಡಿಮೆ' ಎಂದು ಕಂಡ ಪದಗಳ ಹಿಂದೆ ಬಿದ್ದು ನಾನು ವಾರಗಳನ್ನು ಕಳೆದುಕೊಂಡಿದ್ದೇನೆ. ಜಾಹೀರಾತಿಗೆ ಹಣ ಖರ್ಚು ಮಾಡದ ಖಾತೆಗೆ ಅದು ನಿಖರ ಸಂಖ್ಯೆಯ ಬದಲು 100ರಿಂದ 1,000, 1,000ದಿಂದ 10,000 ಎಂಬಂಥ ಅಂದಾಜು ಶ್ರೇಣಿಗಳನ್ನಷ್ಟೇ ತೋರಿಸುತ್ತದೆ. ನಾನು ಹಾಕಿ ನೋಡಿದ ಕನ್ನಡ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಅಂಕಿಯೇ ಬರಲಿಲ್ಲ. ಅಂಕಿ ಇಲ್ಲವೆಂದರೆ ಹುಡುಕುವವರೇ ಇಲ್ಲವೆಂದು ತೀರ್ಮಾನಿಸಬೇಡಿ, ಏಕೆಂದರೆ ಹಾಗೆ ಖಾಲಿ ಕಂಡ ಪ್ರಶ್ನೆಗಳಿಂದಲೇ ನನ್ನ ತಾಣಕ್ಕೆ ಇಂದಿಗೂ ಜನ ಬರುತ್ತಿದ್ದಾರೆ. ಗೂಗಲ್ ಟ್ರೆಂಡ್ಸ್ ಕೂಡ ನಿಜವಾದ ಸಂಖ್ಯೆಯನ್ನು ಕೊಡದೆ 0ಯಿಂದ 100ರವರೆಗಿನ ಹೋಲಿಕೆಯ ಅಳತೆಯನ್ನು ಕೊಡುತ್ತದೆ. ಕರ್ನಾಟಕವನ್ನು ಮಾತ್ರ ಆರಿಸಿಕೊಂಡು, ಯಾವ ಪದ ಯಾವ ತಿಂಗಳಲ್ಲಿ ಏರುತ್ತದೆ ಎಂದು ನೋಡಲು ಅಷ್ಟು ಸಾಕು.

ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದು ಪ್ರಶ್ನೆಗೂ ಈಗ ಮೊದಲ ಪುಟದಲ್ಲಿ ಏನಿದೆ ಎಂದು ಕಣ್ಣಾರೆ ನೋಡಬೇಕು. ಎಲ್ಲವೂ ಮಾರಾಟ ತಾಣಗಳ ಪುಟಗಳೇ ಆಗಿದ್ದರೆ, ಹುಡುಕುವವರಿಗೆ ಬೇಕಾಗಿರುವುದು ಅಂಗಡಿಯೆಂದು ಗೂಗಲ್ ಅರ್ಥಮಾಡಿಕೊಂಡಿದೆ ಎಂದು ಭಾವಿಸಿ ಆ ಪ್ರಶ್ನೆಯನ್ನು ಬಿಟ್ಟುಬಿಡಿ. ಪ್ರಶ್ನೆಗೆ ನೇರವಾಗಿ ಉತ್ತರಿಸದ ಪುಟಗಳು, ವರ್ಷಗಳ ಹಿಂದಿನ ಚರ್ಚೆಗಳು ಅಥವಾ ಯಂತ್ರಾನುವಾದದ ಕನ್ನಡದಲ್ಲಿರುವ ಬರಹಗಳು ಅಲ್ಲಿ ಕಂಡರೆ, ಆ ಜಾಗ ನಿಮಗಾಗಿ ಖಾಲಿ ಇದೆ.

ಇನ್ನು, ಯಾವ ಪ್ರಶ್ನೆ ಮಾರಾಟದ ಕಡೆಗೆ ಒಯ್ಯುತ್ತದೆ ಎಂಬ ವಿಚಾರ. 'ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ) ಎಂದರೇನು' ಎಂದು ಕೇಳುವವರಿಗೆ ಕುತೂಹಲವಿದೆ, ಕೊಳ್ಳುವ ಅವಸರವಿಲ್ಲ. ಅಷ್ಟೇ ಅಲ್ಲ, 2024ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಎಐ ಓವರ್‌ವ್ಯೂಗಳನ್ನು, ಅಂದರೆ ಎಐ ಬರೆದುಕೊಡುವ ಸಾರಾಂಶ ಉತ್ತರಗಳನ್ನು, ಭಾರತಕ್ಕೂ ತಂದ ಮೇಲೆ, ಇಂಥ ವ್ಯಾಖ್ಯೆಯ ಪ್ರಶ್ನೆಗಳಿಗೆ ಉತ್ತರ ಹುಡುಕಾಟದ ಪುಟದಲ್ಲೇ ಸಿಗುವುದರಿಂದ ಓದುಗ ನಿಮ್ಮವರೆಗೆ ಬರುವ ಅಗತ್ಯವೇ ಕಡಿಮೆಯಾಗಿದೆ. 'ಟಿಡಿಎಸ್ 900 ಇದ್ದರೆ ಯಾವ ಫಿಲ್ಟರ್' ಎಂದು ಕೇಳುವವರಾದರೋ ನೀರನ್ನು ಅಳೆಸಿದ್ದಾರೆ, ನಿರ್ಧಾರದ ಅಂಚಿನಲ್ಲಿದ್ದಾರೆ. ಬಹುಪಾಲು ಬರಹಗಾರರು ಮರೆಯುವ ಮೂರನೆಯ ಗುಂಪೊಂದಿದೆ: ವಸ್ತುವನ್ನು ಈಗಾಗಲೇ ಕೊಂಡವರು. ತಮ್ಮ ಮಾದರಿಯ ಹೆಸರು ಹಾಕಿ 'ಮೆಂಬ್ರೇನ್ ಬದಲಾಯಿಸುವುದು', 'ಸೆಡಿಮೆಂಟ್ ಫಿಲ್ಟರ್ ಅಳತೆ' ಎಂದು ಹುಡುಕುವ ಇವರು ಬಿಡಿಭಾಗವನ್ನು ಕೊಳ್ಳಲೇಬೇಕು, ಅವರಿಗಿರುವ ಸಂದೇಹ ಯಾವುದು ತಮ್ಮ ಯಂತ್ರಕ್ಕೆ ಕೂರುತ್ತದೆ ಎಂಬುದೊಂದೇ. ಕೆಲವೇ ನೂರು ರೂಪಾಯಿಯ ವಸ್ತುವಿಗೆ ಸಿಗುವ ಕಮಿಷನ್ ಅಲ್ಪವೇ ಸರಿ. ಆದರೆ ಸ್ಪರ್ಧೆಯೂ ಅಲ್ಪ, ಬಂದವರು ಕೊಳ್ಳುವ ಸಂಭವವೂ ಹೆಚ್ಚು. ಹೊಸಬರು ಇಲ್ಲಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪದವನ್ನು ಸರಿಯಾಗಿ ಆರಿಸಿದ ಮಾತ್ರಕ್ಕೆ ಪುಟ ನಿಲ್ಲುವುದಿಲ್ಲ. ಅಂಗಡಿಯ ವಿವರಗಳನ್ನು ನಕಲು ಮಾಡಿ ಲಿಂಕ್ ಅಂಟಿಸಿದ ಪುಟಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ದೂರವಿಟ್ಟಿದೆ, ಮತ್ತು ವಿಮರ್ಶೆಗಳಲ್ಲಿ ಸ್ವಂತ ಬಳಕೆಯ ಸಾಕ್ಷ್ಯಕ್ಕೆ 2021ರ ಏಪ್ರಿಲ್‌ನಿಂದ ಹೆಚ್ಚಿನ ತೂಕ ಕೊಡುತ್ತಾ ಬಂದಿದೆ. ನನ್ನ ಕ್ಷೇತ್ರದಲ್ಲಿ ಇದರ ಅರ್ಥ ಬಹಳ ಸ್ಪಷ್ಟ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಟಿಡಿಎಸ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದರೆ 2,000ದವರೆಗೆ ಅನುಮತಿ ಇದೆ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ನೀರು ಪೋಲಾಗುವುದು ಅದರ ಒಂದು ಮುಖ್ಯ ಕಾರಣ. ಹಾಗಿರುವಾಗ, ಕಡಿಮೆ ಟಿಡಿಎಸ್‌ನ ನದಿ ನೀರು ಬರುವ ಮನೆಯವರಿಗೆ ಹೆಚ್ಚು ಕಮಿಷನ್ ಬರುತ್ತದೆಂದು ದುಬಾರಿ ಆರ್‌ಒ ತೋರಿಸುವುದು ಅನ್ಯಾಯ. ಪಾವಗಡ, ಕೋಲಾರದ ಕಡೆಯ ಫ್ಲೋರೈಡ್ ನೀರಿನ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಟಿಡಿಎಸ್ ಮೀಟರ್ ಫ್ಲೋರೈಡನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ. ಆದ್ದರಿಂದ ನನ್ನ ಪುಟಗಳಲ್ಲಿ ಮೊದಲು ನೀರನ್ನು ಪರೀಕ್ಷೆ ಮಾಡಿಸುವ ಮಾತು ಬರುತ್ತದೆ, ಆಮೇಲೆ ಯಾರಿಗೆ ಯಾವುದು ಬೇಡ ಎಂಬ ಮಾತು, ಲಿಂಕ್ ಬರುವುದು ಅದರ ನಂತರ. ನೀವು ಮಿಕ್ಸಿಯ ಬಗ್ಗೆ ಬರೆಯಿರಿ, ಔಷಧಿ ಸಿಂಪಡಿಸುವ ಪಂಪಿನ ಬಗ್ಗೆ ಬರೆಯಿರಿ, ನೀವೇ ಮುಟ್ಟಿ ಬಳಸಿದ ವಸ್ತುವಾಗಿರಲಿ, ಫೋಟೊ ನಿಮ್ಮದೇ ಆಗಿರಲಿ.

ಬರೆಯುವ ತಾಂತ್ರಿಕ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನರ ಪ್ರಶ್ನೆಯು ಶೀರ್ಷಿಕೆಯಲ್ಲೂ ಮೊದಲ ಪ್ಯಾರಾದಲ್ಲೂ ಸಹಜವಾಗಿ ಇದ್ದರೆ ಸಾಕು. ಅದನ್ನು ಇಪ್ಪತ್ತು ಸಲ ತುರುಕಿದರೆ ಕೆಡುಕೇ ಹೊರತು ಲಾಭವಿಲ್ಲ. ಒಂದು ಅಗತ್ಯಕ್ಕೆ ಒಂದೇ ಪುಟವಿರಲಿ. 'ಬೋರ್ ನೀರು', 'ಉಪ್ಪು ನೀರು', 'ಗಡಸು ನೀರು' ಎಂದು ನಾನು ಮೂರು ಬೇರೆ ಬೇರೆ ಪುಟಗಳನ್ನು ಮಾಡಿದಾಗ ಮೂರೂ ಒಂದರ ಕಾಲನ್ನು ಒಂದು ಎಳೆದು ಕೆಳಗೇ ಉಳಿದವು. ಸೇರಿಸಿ ಒಂದೇ ಪುಟ ಮಾಡಿ, ಹಳೆಯ ವಿಳಾಸಗಳನ್ನು ಅದಕ್ಕೆ ತಿರುಗಿಸಿದ ಮೇಲೆ ಆ ಪುಟ ಮೇಲೇರಿತು. ಅಫಿಲಿಯೇಟ್ ಲಿಂಕ್‌ಗಳಿಗೆ, ಇದು ಹಣ ಬರುವ ಲಿಂಕ್ ಎಂದು ಗೂಗಲ್‌ಗೆ ತಿಳಿಸುವ 'ಸ್ಪಾನ್ಸರ್ಡ್' ಎಂಬ ಗುರುತನ್ನು ಪುಟದ ಕೋಡ್‌ನಲ್ಲಿ ಹಾಕಿ. ಲಿಂಕ್‌ನಿಂದ ನಿಮಗೆ ಕಮಿಷನ್ ಬರುತ್ತದೆ ಎಂಬುದನ್ನು ಪುಟದ ಆರಂಭದಲ್ಲೇ, ನೀವು ಬರೆಯುತ್ತಿರುವ ಭಾಷೆಯಲ್ಲೇ ತಿಳಿಸಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಇದನ್ನೇ ಕೇಳುತ್ತದೆ.

ಪುಟ ಪ್ರಕಟವಾದ ದಿನವೇ ತಾಣವನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಸಿ. ಉಚಿತವಾಗಿ ಸಿಗುವ ಸಾಧನಗಳಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದು. ನಿಮ್ಮ ಪುಟ ಯಾವ ಯಾವ ಹುಡುಕಾಟಗಳಲ್ಲಿ ಕಾಣಿಸಿಕೊಂಡಿತು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು, ಎಷ್ಟು ಮಂದಿ ಒತ್ತಿದರು ಎಂಬುದನ್ನು ಅದು 16 ತಿಂಗಳವರೆಗೆ ಇಟ್ಟುಕೊಂಡು ತೋರಿಸುತ್ತದೆ. ಎಂಟರಿಂದ ಇಪ್ಪತ್ತನೆಯ ಸ್ಥಾನದ ನಡುವೆ ನಿಂತಿರುವ ಹುಡುಕಾಟಗಳನ್ನು ಹೆಕ್ಕಿ. ಅವುಗಳಲ್ಲಿ ನಿಮ್ಮ ಪುಟ ಪೂರ್ತಿಯಾಗಿ ಉತ್ತರಿಸದ ಪ್ರಶ್ನೆಗಳು ಸಿಗುತ್ತವೆ. ಬೇಳೆ ಬೇಯದಿರುವ ಬಗ್ಗೆ ಬರೆದ ಪುಟಕ್ಕೆ 'ಅಡುಗೆಗೆ ಸಾಫ್ಟ್‌ನರ್ (ಗಡಸುತನ ತೆಗೆಯುವ ಸಾಧನ) ನೀರು ಬಳಸಬಹುದೇ' ಎಂದು ಕೇಳಿಕೊಂಡು ಜನ ಬರುತ್ತಿದ್ದಾರೆಂದು ನನಗೆ ಗೊತ್ತಾದದ್ದು ಹೀಗೆ. ಅದಕ್ಕೊಂದು ಭಾಗವನ್ನು ಸೇರಿಸಿದೆ, ಅದೇ ಇಂದು ಆ ಪುಟದಲ್ಲಿ ಹೆಚ್ಚು ಓದಲಾಗುವ ಭಾಗ.

ಕಾಲದ ಬಗ್ಗೆಯೂ ನಿಮಗೆ ಸರಿಯಾದ ಅಂದಾಜು ಇರಬೇಕು. ಇಂಥ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ ಎಂದು ಗೂಗಲ್‌ನವರೇ 2017ರಲ್ಲಿ ಹೇಳಿದ್ದರು, ನನ್ನ ಅನುಭವವೂ ಅದಕ್ಕೆ ಹೊಂದುತ್ತದೆ. ಅಮೆಜಾನ್‌ನ ಅಫಿಲಿಯೇಟ್ ಖಾತೆಯಾದರೋ ಮೊದಲ 180 ದಿನಗಳಲ್ಲಿ ಮೂರು ಅರ್ಹ ಮಾರಾಟಗಳಾಗದಿದ್ದರೆ ಮುಚ್ಚಿಹೋಗುತ್ತದೆ, ಮತ್ತು ನೀವೇ ನಿಮ್ಮ ಲಿಂಕ್‌ನಿಂದ ಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಿಮ್ಮ ಈಗಿನ ಖಾತೆ ಹಾಗೆ ಮುಚ್ಚಿಹೋದರೆ, ಇನ್ನೊಂದನ್ನು ಮೊದಲು ತೆರೆದು ಆಮೇಲೆ ಬರೆಯುವ ಬದಲು, ಹದಿನೈದು ಇಪ್ಪತ್ತು ಪುಟಗಳನ್ನು ಬರೆದು, ಸರ್ಚ್ ಕನ್ಸೋಲ್‌ನಲ್ಲಿ ಜನ ಬರುವುದು ಕಂಡ ಮೇಲೆ ಖಾತೆಗೆ ಅರ್ಜಿ ಹಾಕಿ. ವಾಟ್ಸಾಪ್ ಗುಂಪುಗಳಲ್ಲಿ ಇನ್ನು ಮುಂದೆ ಲಿಂಕ್ ಹಂಚುವ ಮುನ್ನ ಲಿಂಕ್‌ಗಳನ್ನು ಎಲ್ಲೆಲ್ಲಿ ಹಾಕಬಹುದು ಎಂಬ ಅಮೆಜಾನ್‌ನ ನಿಯಮಗಳನ್ನೂ ಓದಿಕೊಳ್ಳಿ. ಬೆಲೆಯನ್ನು ಪುಟದಲ್ಲಿ ನೀವಾಗಿ ಬರೆದಿಡಬೇಡಿ, ಅದು ಯಾವಾಗ ಬೇಕಾದರೂ ಬದಲಾಗಬಹುದು.

ಖಾತೆ ಸಿಕ್ಕಿದ ಮೇಲೆ ಪ್ರತಿಯೊಂದು ಮುಖ್ಯ ಪುಟಕ್ಕೂ ಬೇರೆ ಟ್ರ್ಯಾಕಿಂಗ್ ಐಡಿ ಮಾಡಿಕೊಳ್ಳಿ. ಅಮೆಜಾನ್ ಇದಕ್ಕೆ ಅವಕಾಶ ಕೊಡುತ್ತದೆ. ಆಗ ಯಾವ ಪ್ರಶ್ನೆಗೆ ಬರೆದ ಪುಟದಿಂದ ಯಾವ ವಸ್ತು ಮಾರಾಟವಾಯಿತು ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತದೆ, ಮುಂದಿನ ಹತ್ತು ಪುಟಗಳನ್ನು ಯಾವ ಪ್ರಶ್ನೆಗಳಿಗೆ ಬರೆಯಬೇಕು ಎಂಬುದೂ ಅಲ್ಲಿಂದಲೇ ಗೊತ್ತಾಗುತ್ತದೆ. ನೀವು ಯಾವ ವಸ್ತುವಿನ ಬಗ್ಗೆ ಬರೆಯಬೇಕೆಂದುಕೊಂಡಿದ್ದೀರಿ ಎಂಬುದನ್ನು ಇಲ್ಲಿ ತಿಳಿಸಿದರೆ, ಮೊದಲ ಪಟ್ಟಿಯನ್ನು ಮಾಡಲು ಜೊತೆಗೆ ಕುಳಿತು ಯೋಚಿಸುತ್ತೇನೆ.